ಕೆರೆ ಹಸಿರಾಗಲು ಗೊಬ್ಬರ ಹೊರಗಿಂದಲೇ ಬರಬೇಕಿಲ್ಲ

ಕೊಡಗಿನ ಕಾಫಿ ತೋಟದಲ್ಲಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಕೆರೆಯ ನೀರೇ ಗತಿ. ಅಂಥ ಕೆರೆ ಪಾಚಿಗಟ್ಟಿದಾಗ ಕೆಲವರಿಗೆ ಥಟ್ಟನೆ ನೆನಪಾಗುವುದು ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ದಯವಿಟ್ಟು ಸುರಿಯಬೇಡಿ. ಪಾಚಿ ಸಾಯುತ್ತದೆ, ನಿಜ. ಆದರೆ ಸತ್ತದ್ದು ತಳಕ್ಕಿಳಿದು ಕೊಳೆಯುತ್ತದೆ, ಅಲ್ಲಿರುವ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

"ಗೊಬ್ಬರ ಕಡಿಮೆ ಮಾಡಿದೆವು, ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಕೊಳೆ ನೀರನ್ನೂ ತಡೆದೆವು, ಆದರೂ ಹಸಿರು ಹೋಗಲಿಲ್ಲ" ಎನ್ನುವವರಿದ್ದಾರೆ. ಅವರು ಹೂಳಿನ ಕಡೆ ನೋಡಬೇಕು. ಎಷ್ಟೋ ಮಳೆಗಾಲಗಳಲ್ಲಿ ತೋಟದಿಂದ ಕೊಚ್ಚಿಬಂದ ರಂಜಕ, ಅಂದರೆ ಪಾಚಿಯನ್ನು ಬೆಳೆಸುವ ಗೊಬ್ಬರದಂಶ (ಫಾಸ್ಫರಸ್), ಅಲ್ಲಿ ಕೂತಿರುತ್ತದೆ.

ಅದನ್ನು ಹಿಡಿದಿಡುವುದು ಕಬ್ಬಿಣ. ನಮ್ಮ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿರುವ ಅದೇ ತುಕ್ಕಿನಂಥ ಕಬ್ಬಿಣ. ಮರಕ್ಕೆ ಮೆಣಸಿನ ಬಳ್ಳಿ ಅಂಟಿಕೊಂಡ ಹಾಗೆ ಫಾಸ್ಫೇಟ್ ರೂಪದ ರಂಜಕ ಈ ತುಕ್ಕಿಗೆ ಅಂಟಿಕೊಳ್ಳುತ್ತದೆ. ಈ ಕಬ್ಬಿಣದ ಮರ ಗಟ್ಟಿ ನಿಲ್ಲಲು ಆಮ್ಲಜನಕ ಬೇಕು. ಅದು ತೀರಿದರೆ ಹೂಳಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆ ಕಬ್ಬಿಣವನ್ನೇ ಬಳಸುತ್ತವೆ. ಕಬ್ಬಿಣ ರೂಪ ಬದಲಿಸಿ ನೀರಿನಲ್ಲಿ ಕರಗುತ್ತದೆ. ಮರ ಬಿತ್ತು, ಬಳ್ಳಿಯೂ ಬಿತ್ತು. ಬಿಡುಗಡೆಯಾದ ಫಾಸ್ಫೇಟ್ ಮೇಲೇರಿ ಹೊಸ ಪಾಚಿಗೆ ಆಹಾರವಾಗುತ್ತದೆ.

ಇದನ್ನು ಜರ್ಮನಿಯ ವಿಜ್ಞಾನಿ ಐನ್ಸೆಲೆ 1936ರಲ್ಲೇ ಬರೆದಿದ್ದರು. 1941-42ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮಾರ್ಟಿಮರ್ ಕೆರೆಯ ಕೆಸರನ್ನು ತೊಟ್ಟಿಗಳಲ್ಲಿಟ್ಟು ಒಂದಕ್ಕೆ ಗಾಳಿ ತಾಗಲು ಬಿಟ್ಟರು, ಇನ್ನೊಂದಕ್ಕೆ ತಡೆದರು. ಗಾಳಿಯಿಲ್ಲದ ತೊಟ್ಟಿಯಲ್ಲಿ ಕಬ್ಬಿಣವೂ ಫಾಸ್ಫೇಟೂ ನೀರಿಗೆ ಬಂದವು. ಎಷ್ಟು ಸರಳ, ಎಷ್ಟು ಚಂದದ ಪ್ರಯೋಗ ಅಲ್ವಾ!

ಆಳವಿಲ್ಲದ ಕೆರೆಗೆ ಇನ್ನೂ ಒಂದು ಕಾಟ. ಗಾಳಿ ಬೀಸಿದರೆ ತಳ ಕದಡಿ ಹೂಳಿನ ರಂಜಕ ಮೇಲೇಳುತ್ತದೆ. ಕೆಸರು ಕೆದಕಿ ತಿನ್ನುವ ಕಾಮನ್ ಕಾರ್ಪ್ ಮೀನು ಜಾಸ್ತಿಯಿದ್ದರೂ ಅಷ್ಟೇ. ಮೇಲಾಗಿ ಪಾಚಿ ಹಗಲಿಡೀ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರುತ್ತದೆ. 9 ದಾಟಿದರೆ ಆಮ್ಲಜನಕ ಇದ್ದರೂ ಫಾಸ್ಫೇಟ್ ಕಬ್ಬಿಣದಿಂದ ಬಿಟ್ಟುಕೊಳ್ಳಬಹುದು. ಹಸಿರು ತನಗೆ ಬೇಕಾದ ಆಹಾರವನ್ನು ತಾನೇ ಎಬ್ಬಿಸಿಕೊಳ್ಳುತ್ತದೆ.

ಹೊರಗಿನ ರಂಜಕವನ್ನು ತಡೆಯದೆ ಬೇರೆ ಏನೇ ಮಾಡಿದರೂ ಹಣ ದಂಡ. ಅದಾದ ಮೇಲೆ, ಸಣ್ಣ ಕೆರೆಗೆ ಹೂಳೆತ್ತುವುದೇ ನನಗೆ ಸರಿಯೆನಿಸುವ ದಾರಿ. ಸ್ವೀಡನ್ನಿನ ಟ್ರುಮ್ಮೆನ್ ಕೆರೆಯಲ್ಲಿ 1970-71ರಲ್ಲಿ ರಂಜಕ ತುಂಬಿದ ಮೇಲ್ಪದರದ ಹೂಳನ್ನು ತೆಗೆದ ಮೇಲೆ ನೀರು ತಿಳಿಯಾಯಿತು. ಎತ್ತಿದ ಹೂಳನ್ನು ಏರಿಯ ಒಳಬದಿಗೆ ಸುರಿದರೆ ಮಳೆಗಾಲ ಅದನ್ನು ವಾಪಸ್ ತರುತ್ತದೆ, ದೂರ ಸಾಗಿಸಲೇಬೇಕು. ಹಿಂದೆ ಮೈಲುತುತ್ತ ಬಿದ್ದ ಕೆರೆಯಾದರೆ ಗಿಡಕ್ಕೆ ಹಾಕುವ ಮೊದಲು ತಾಮ್ರ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.

ಹೂಳೆತ್ತಲು ಆಗದಿದ್ದರೆ ನೀರು ತಿಳಿಗೊಳಿಸಲು ಬಳಸುವ ಆಲಂ ಇದೆ. ಅದರ ಅಲ್ಯೂಮಿನಿಯಂ ಕೂಡ ಫಾಸ್ಫೇಟನ್ನು ಹಿಡಿಯುತ್ತದೆ, ಆಮ್ಲಜನಕ ಹೋದರೂ ಬಿಡುವುದಿಲ್ಲ. ಆದರೆ ಆಲಂ ನೀರನ್ನು ಹುಳಿ ಮಾಡುತ್ತದೆ. ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ ಪಿಎಚ್ ಬೇಗ ಕುಸಿಯುತ್ತದೆ. 6ಕ್ಕಿಂತ ಕೆಳಗಿಳಿದರೆ ಕರಗಿದ ಅಲ್ಯೂಮಿನಿಯಂ ಮೀನಿಗೆ ವಿಷವಾಗಬಹುದು. ಹಾಗಾಗಿ ಮೊದಲು ಒಂದು ಬಕೆಟ್ ನೀರಿನಲ್ಲಿ ಹಾಕಿ ಪಿಎಚ್ ಅಳೆದು ನೋಡಬೇಕು.