ಮೂರನೇ ಮಗುವಿನ ಪಾಲು: ಬ್ರಿಟನ್ನಿನ ಮಕ್ಕಳ ಭತ್ಯೆಯ ಎಂಬತ್ತು ವರ್ಷದ ಜಗ್ಗಾಟ

2025ರ ನವೆಂಬರ್ 26ರಂದು ಬ್ರಿಟನ್ನಿನ ಹಣಕಾಸು ಸಚಿವೆ ರೇಚಲ್ ರೀವ್ಸ್ ಬಜೆಟ್ ಮಂಡಿಸುತ್ತಾ ಒಂದು ನಿಯಮವನ್ನು ಕೈಬಿಡುವುದಾಗಿ ಹೇಳಿದರು. ಅದರ ಹೆಸರು 'ಟೂ ಚೈಲ್ಡ್ ಲಿಮಿಟ್'. ಬಡ ಕುಟುಂಬಕ್ಕೆ ಮಕ್ಕಳ ಲೆಕ್ಕದಲ್ಲಿ ಕೊಡುವ ನೆರವು ಎರಡು ಮಕ್ಕಳಿಗೆ ಮಾತ್ರ, ಮೂರನೆಯದಕ್ಕೆ ಇಲ್ಲ ಅನ್ನುವುದು ಆ ನಿಯಮ. 2026ರ ಏಪ್ರಿಲ್‌ನಿಂದ ಇದು ಇರುವುದಿಲ್ಲ ಎಂದು ಘೋಷಣೆಯಾಯಿತು. ಒಂದು ಕಡೆ ಚಪ್ಪಾಳೆ, ಇನ್ನೊಂದು ಕಡೆ 'ತೆರಿಗೆ ಕಟ್ಟುವವರ ಗತಿ ಏನು' ಎನ್ನುವ ಕೂಗು. ದೂರದಿಂದ ನೋಡುವವರಿಗೆ ತಲೆಬುಡ ಅರ್ಥವಾಗದ ಜಗಳ ಇದು.

ಅರ್ಥವಾಗದಿರಲು ಕಾರಣವಿದೆ. ಅಲ್ಲಿ ಮಕ್ಕಳಿರುವ ಮನೆಗೆ ಸರ್ಕಾರದ ದುಡ್ಡು ಎರಡು ದಾರಿಯಲ್ಲಿ ಬರುತ್ತದೆ. ಒಂದು ಚೈಲ್ಡ್ ಬೆನಿಫಿಟ್. ಬಹುಪಾಲು ಕುಟುಂಬಗಳಿಗೆ ಸಿಗುವಂಥದ್ದು. 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05 ಪೌಂಡ್, ಉಳಿದ ಪ್ರತಿ ಮಗುವಿಗೆ 17.25 ಪೌಂಡ್. ಎಷ್ಟು ಮಕ್ಕಳಿದ್ದರೂ ಸರಿ. ಇನ್ನೊಂದು ಯೂನಿವರ್ಸಲ್ ಕ್ರೆಡಿಟ್. ಇದು ಆದಾಯ ಕಡಿಮೆ ಇರುವವರಿಗೆ ಮಾತ್ರ. ಬಾಡಿಗೆ, ಮನೆಖರ್ಚು, ಮಕ್ಕಳು ಎಲ್ಲ ಸೇರಿಸಿ ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಎರಡು ಮಕ್ಕಳ ಮಿತಿ ಕತ್ತರಿ ಹಾಕಿದ್ದು ಈ ಎರಡನೆಯದಕ್ಕೆ. ಇದರ ಜೊತೆ, ಒಂದು ಮನೆಗೆ ಸಿಗುವ ಒಟ್ಟು ನೆರವಿನ ಮೇಲೆ 'ಬೆನಿಫಿಟ್ ಕ್ಯಾಪ್' ಎಂಬ ಬೇರೆಯೇ ಮಿತಿ ಇದೆ. ಸುದ್ದಿಯಲ್ಲಿ ಮೂರನ್ನೂ ಕಲಸಿ ಹೇಳುವುದೇ ಜಾಸ್ತಿ. ಬಿಡಿಸಿ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಈ ಕಥೆ ಲಿವರ್‌ಪೂಲ್‌ನಲ್ಲಿ ಶುರುವಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಡ ಯುದ್ಧಕ್ಕೆ ಹೋದರೆ ಹೆಂಡತಿಯ ಕೈಗೆ ಸರ್ಕಾರ ನೇರವಾಗಿ ಭತ್ಯೆ ಕೊಡುತ್ತಿತ್ತು. ಮಕ್ಕಳು ಹೆಚ್ಚಿದ್ದರೆ ಹಣವೂ ಹೆಚ್ಚು. ಆ ಊರಿನಲ್ಲಿ ಇದರ ಉಸ್ತುವಾರಿ ನೋಡಿಕೊಂಡವರು ಎಲಿನರ್ ರಾಥ್‌ಬೋನ್. ತಾಯಿಯ ಕೈಗೆ ಖಚಿತವಾಗಿ ದುಡ್ಡು ಬಂದರೆ ಮನೆಯ ಸ್ಥಿತಿ ಏನಾಗುತ್ತದೆ ಎನ್ನುವುದನ್ನು ಅವರು ಹತ್ತಿರದಿಂದ ಕಂಡರು. ಸಂಬಳ ಕೊಡುವವನು ಕೆಲಸ ನೋಡಿ ಕೊಡುತ್ತಾನೆ, ಮನೆಯಲ್ಲಿ ಎಷ್ಟು ಬಾಯಿ ಇದೆ ಅಂತ ಕೇಳುವುದಿಲ್ಲ. ಹಾಗಾಗಿ ಒಂದೇ ಸಂಬಳದಲ್ಲಿ ಒಂಟಿ ಗಂಡಸು ಆರಾಮಾಗಿರುತ್ತಾನೆ, ಐದು ಮಕ್ಕಳ ತಾಯಿ ಅರೆಹೊಟ್ಟೆಯಲ್ಲಿರುತ್ತಾಳೆ. ಆ ಕೊರತೆ ತುಂಬುವುದು ಸಮಾಜದ ಕೆಲಸ ಎನ್ನುವುದು ಅವರ ವಾದ. 1929ರಲ್ಲಿ ಪಕ್ಷೇತರ ಸದಸ್ಯೆಯಾಗಿ ಸಂಸತ್ತಿಗೆ ಹೋದ ಮೇಲೂ ಇದೇ ಮಾತನ್ನು ಹಿಡಿದು ಕೂತರು.

1942ರ ಡಿಸೆಂಬರ್‌ನಲ್ಲಿ ಬಂದ, ಬ್ರಿಟನ್ನಿನ ಸಾಮಾಜಿಕ ಭದ್ರತೆಗೆ ಅಡಿಪಾಯ ಹಾಕಿದ ಬೆವರಿಜ್ ವರದಿ ಮಕ್ಕಳ ಭತ್ಯೆಗೆ ಗಟ್ಟಿ ಬೆಂಬಲ ಕೊಟ್ಟಿತು. ಅದು ಕೇಳಿದ್ದು ಮಗುವೊಂದಕ್ಕೆ ವಾರಕ್ಕೆ ಎಂಟು ಶಿಲ್ಲಿಂಗ್, 1945ರ ಕಾಯ್ದೆ ಕೊಟ್ಟಿದ್ದು ಐದು. ಮಸೂದೆಯ ಮೊದಲ ಕರಡಿನಲ್ಲಿ ಹಣ ತಂದೆಯ ಹೆಸರಿಗೆ ಎಂದಿತ್ತು. ಹಾಗಾದರೆ ನಾನೇ ಇದರ ವಿರುದ್ಧ ಮತ ಹಾಕುತ್ತೇನೆ ಎಂದು ರಾಥ್‌ಬೋನ್ ಪಟ್ಟು ಹಿಡಿದರು. ಕೊನೆಗೆ ಸಂಸತ್ತು ತಾಯಿಯ ಹೆಸರಿಗೇ ಒಪ್ಪಿತು. ಗೃಹಲಕ್ಷ್ಮಿಯ ದುಡ್ಡು ಅತ್ತೆಗೋ ಸೊಸೆಗೋ ಎಂದು 2023ರಲ್ಲಿ ನಮ್ಮ ಮನೆಮನೆಯಲ್ಲೂ ಚರ್ಚೆಯಾಗಿತ್ತು ಅಲ್ವಾ? ಯಾರ ಕೈಗೆ ಎನ್ನುವುದು ಎಷ್ಟು ಎನ್ನುವಷ್ಟೇ ದೊಡ್ಡ ಪ್ರಶ್ನೆ.

1946ರ ಆಗಸ್ಟ್ 6, ಮಂಗಳವಾರ, ಮೊದಲ ಹಣ ಬಂತು. ತಾಯಂದಿರು ಆರ್ಡರ್ ಬುಕ್ ಹಿಡಿದು ಅಂಚೆ ಕಚೇರಿಗೆ ಹೋಗಬೇಕು. ಕೌಂಟರ್‌ನಲ್ಲಿ ಮೊಹರು ಒತ್ತಿ, ಒಂದು ಹಾಳೆ ಹರಿದುಕೊಂಡು ನಗದು ಕೊಡುತ್ತಿದ್ದರು. ಅದನ್ನು ನೋಡಲು ರಾಥ್‌ಬೋನ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. 1946ರಲ್ಲಿ ಭತ್ಯೆ ಮೊದಲ ಮಗುವಿಗೆ ಇರಲಿಲ್ಲ! ಎರಡನೆಯದರಿಂದ ಶುರು. ಒಂದು ಮಗುವನ್ನು ಸಾಕಲು ಒಂದು ಸಂಬಳ ಸಾಕು, ಮಕ್ಕಳು ಹೆಚ್ಚಾದಂತೆ ಕಷ್ಟ ಹೆಚ್ಚುತ್ತದೆ, ಆದ್ದರಿಂದ ನೆರವೂ ಅಲ್ಲಿಂದಲೇ ಎನ್ನುವುದು ಅಂದಿನ ಲೆಕ್ಕ. 2017ರಲ್ಲಿ ಈ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಮೊದಲ ಎರಡಕ್ಕೆ ಉಂಟು, ಮೂರಕ್ಕೆ ಇಲ್ಲ. ಎಪ್ಪತ್ತು ವರ್ಷದಲ್ಲಿ ಮಕ್ಕಳ ಹಸಿವು ಬದಲಾಗಿರಲಿಲ್ಲ. ಅವರ ಅಪ್ಪ ಅಮ್ಮನನ್ನು ನೋಡುವ ಕಣ್ಣು ಬದಲಾಗಿತ್ತು.

ನಡುವಿನ ವರ್ಷಗಳನ್ನು ಬೇಗ ದಾಟೋಣ. 1975ರ ಕಾಯ್ದೆ ಹಳೆಯ ಭತ್ಯೆಯನ್ನೂ ತಂದೆಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿಯನ್ನೂ ಸೇರಿಸಿ ಚೈಲ್ಡ್ ಬೆನಿಫಿಟ್ ಮಾಡಿತು. ವಿನಾಯಿತಿ ಹೋದರೆ ಗಂಡಸರ ಕೈಗೆ ಬರುವ ಸಂಬಳ ಇಳಿದು ಹೆಂಗಸರ ಪರ್ಸ್ ತುಂಬುತ್ತದೆ ಎನ್ನುವ ಅಂಜಿಕೆಯಿಂದ 1976ರಲ್ಲಿ ಸರ್ಕಾರ ಹಿಂದೇಟು ಹಾಕಿತು. ಆ ಗುಟ್ಟಿನ ಚರ್ಚೆ ಪತ್ರಿಕೆಗೆ ಸೋರಿ ಗಲಾಟೆಯಾಯಿತು. ಕೊನೆಗೆ 1977ರಿಂದ 1979ರವರೆಗೆ ಹಂತಹಂತವಾಗಿ ಜಾರಿಯಾಯಿತು. ಮೊದಲ ಮಗುವಿಗೂ ದುಡ್ಡು ಬಂತು. ಎಂಬತ್ತರ ದಶಕದಲ್ಲಿ ಗಣಿಗಳೂ ಕಾರ್ಖಾನೆಗಳೂ ಮುಚ್ಚಿದವು, ಬಡ ಮಕ್ಕಳ ಸಂಖ್ಯೆ ಏರಿತು. 1999ರ ಮಾರ್ಚ್‌ನಲ್ಲಿ ಪ್ರಧಾನಿ ಟೋನಿ ಬ್ಲೇರ್ 20 ವರ್ಷದೊಳಗೆ ಮಕ್ಕಳ ಬಡತನ ತೊಲಗಿಸುತ್ತೇವೆ ಎಂದು ಮಾತು ಕೊಟ್ಟರು. 2003ರಲ್ಲಿ, ಆದಾಯ ಕಡಿಮೆ ಇರುವ ಮನೆಗೆ ಮಕ್ಕಳ ಲೆಕ್ಕದಲ್ಲಿ ನೆರವು ಕೊಡುವ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಬಂತು. ಮುಂದೆ ಇದರ ಜಾಗಕ್ಕೆ ಬಂದದ್ದೇ ಯೂನಿವರ್ಸಲ್ ಕ್ರೆಡಿಟ್. ಇಟ್ಟುಕೊಂಡ ಗುರಿ ತಪ್ಪಿತು, ಆದರೆ ಬಡತನ ನಿಜವಾಗಿಯೂ ಕಡಿಮೆಯಾಯಿತು.

ಟ್ಯಾಕ್ಸ್ ಕ್ರೆಡಿಟ್‌ಗೆ ಒಂದು ದೋಷ ಮೊದಲಿನಿಂದಲೇ ಅಂಟಿಕೊಂಡಿತ್ತು. ಮನೆಯ ಆದಾಯವನ್ನು ಮೊದಲೇ ಅಂದಾಜು ಮಾಡಿ ಹಣ ಕೊಡುತ್ತಿದ್ದರು. ವರ್ಷದ ಕೊನೆಗೆ ನಿಜವಾದ ಆದಾಯ ಜಾಸ್ತಿ ಇದ್ದರೆ ವಾಪಸ್ ಕೇಳುತ್ತಿದ್ದರು. ಮೊದಲ ವರ್ಷದಲ್ಲೇ ಸುಮಾರು 2 ಶತಕೋಟಿ ಪೌಂಡ್ ಹೆಚ್ಚುವರಿಯಾಗಿ ಹೋಗಿತ್ತು. ಓವರ್‌ಟೈಮ್ ಮಾಡಿ ನಾಲ್ಕು ಕಾಸು ಹೆಚ್ಚು ದುಡಿದ ತಾಯಿಗೆ ಸಾಲದ ಪತ್ರ ಬಂತು. ಮಕ್ಕಳ ಊಟಕ್ಕೆ ಖರ್ಚಾಗಿ ಹೋದ ದುಡ್ಡನ್ನು ಎಲ್ಲಿಂದ ತರುವುದು? ನೆರವು ಎಂದರೆ ಭಯ ಎನ್ನುವ ಭಾವನೆ ಎಷ್ಟೋ ಮನೆಗಳಲ್ಲಿ ಬೇರೂರಿದ್ದು ಆಗ.

2008ರಲ್ಲಿ ಬ್ಯಾಂಕುಗಳು ಕುಸಿದವು. 2010ರಿಂದ ಖರ್ಚು ಕಡಿತದ ಕಾಲ. ಚೈಲ್ಡ್ ಬೆನಿಫಿಟ್ ದರ 2011ರಿಂದ ಮೂರು ವರ್ಷ ಏರಲೇ ಇಲ್ಲ. 2013ರ ಜನವರಿಯಿಂದ 50,000 ಪೌಂಡ್‌ಗಿಂತ ಹೆಚ್ಚು ದುಡಿಯುವವರಿಂದ ಅದನ್ನು ತೆರಿಗೆಯ ರೂಪದಲ್ಲಿ ಹಿಂದಕ್ಕೆ ಪಡೆಯಲು ಶುರು ಮಾಡಿದರು. ಆಗಿನ ನಿಯಮದಲ್ಲಿ ಗಂಡ ಹೆಂಡತಿ ಇಬ್ಬರೂ ತಲಾ 49,000 ದುಡಿದರೆ ಪೂರ್ತಿ ಹಣ ಉಳಿಯುತ್ತಿತ್ತು, ಒಬ್ಬರೇ 60,000 ದುಡಿದರೆ ಪೂರ್ತಿ ಹೋಗುತ್ತಿತ್ತು. ಈ ವಿಚಿತ್ರ ಯಾರಿಗೂ ಕಾಣಲಿಲ್ಲ ಎಂದಲ್ಲ. ಕಂಡರೂ ಹಾಗೇ ಬಿಟ್ಟರು. ಅದೇ ವರ್ಷ ಬೆನಿಫಿಟ್ ಕ್ಯಾಪ್ ಬಂತು. ಕೆಲಸವಿಲ್ಲದ ಕುಟುಂಬಕ್ಕೆ ಎಲ್ಲ ನೆರವು ಸೇರಿ ವರ್ಷಕ್ಕೆ 26,000 ಪೌಂಡ್ ಮೀರಬಾರದು. 2016ರಲ್ಲಿ ಅದನ್ನೂ ಇಳಿಸಿ ಲಂಡನ್‌ನಲ್ಲಿ 23,000, ಹೊರಗೆ 20,000 ಮಾಡಿದರು.

ಇದೇ ಗಾಳಿಯಲ್ಲಿ 2015ರ ಜುಲೈ ಬಜೆಟ್‌ನಲ್ಲಿ ಎರಡು ಮಕ್ಕಳ ಮಿತಿ ಘೋಷಣೆಯಾಯಿತು. ಸ್ವಂತ ದುಡಿಮೆಯಲ್ಲಿ ಬದುಕುವವರು ಇನ್ನೊಂದು ಮಗು ಬೇಕೇ ಬೇಡವೇ ಎಂದು ಜೇಬು ನೋಡಿ ನಿರ್ಧರಿಸುತ್ತಾರೆ, ನೆರವು ಪಡೆಯುವವರೂ ಹಾಗೇ ನಿರ್ಧರಿಸಲಿ ಎನ್ನುವುದು ಸರ್ಕಾರ ಕೊಟ್ಟ ಕಾರಣ. ಕೇಳಲು ನ್ಯಾಯವಾಗಿಯೇ ಇದೆ. ಬಹಳ ಜನ ಒಪ್ಪಿಯೂ ಒಪ್ಪಿದರು. ಆದರೆ ಬದುಕು ಲೆಕ್ಕದ ಪುಸ್ತಕದಂತೆ ನಡೆಯುವುದಿಲ್ಲ. ಮೂರು ಮಕ್ಕಳಾದ ಮೇಲೆ ಗಂಡ ಬಿಟ್ಟು ಹೋಗಬಹುದು, ಕಾಯಿಲೆ ಬರಬಹುದು, ಕಂಪನಿ ಮುಚ್ಚಬಹುದು. ಮಗು ಹುಟ್ಟುವಾಗ ನೆರವಿನ ಯೋಚನೆಯೇ ಇಲ್ಲದವರು ನಾಲ್ಕು ವರ್ಷದ ನಂತರ ಕೈಚಾಚಬೇಕಾಗಿ ಬರಬಹುದು.

2017ರ ಏಪ್ರಿಲ್ 6ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಈ ಮಿತಿ ಅನ್ವಯಿಸಿತು. ದಿನಾಂಕದ ಈ ಗೆರೆ ಎಷ್ಟು ಕ್ರೂರವಾಗಿತ್ತು ನೋಡಿ. ಬರ್ಮಿಂಗ್‌ಹ್ಯಾಮ್‌ನ ಒಂದೇ ಬೀದಿಯಲ್ಲಿ ಎರಡು ಮನೆ ಇವೆ ಅಂದುಕೊಳ್ಳಿ. ಎರಡೂ ಮನೆಯ ಅಪ್ಪಂದಿರು ಒಂದೇ ಸೂಪರ್ ಮಾರ್ಕೆಟ್ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಸಂಬಳ ಒಂದೇ, ಬಾಡಿಗೆ ಒಂದೇ. ಮೊದಲ ಮನೆಯ ಮೂರನೇ ಮಗು 2017ರ ಏಪ್ರಿಲ್ 5ರ ರಾತ್ರಿ ಹುಟ್ಟಿತು. ಎರಡನೇ ಮನೆಯದು ಏಪ್ರಿಲ್ 6ರ ಬೆಳಗ್ಗೆ. ಮೊದಲನೆಯದಕ್ಕೆ ಹಣ ಸಿಗುತ್ತಿತ್ತು, ಎರಡನೆಯದಕ್ಕೆ ಇಲ್ಲ. 2024-25ರ ದರದಲ್ಲಿ ಈ ವ್ಯತ್ಯಾಸ ವರ್ಷಕ್ಕೆ 3,455 ಪೌಂಡ್‌ವರೆಗೆ. ಎರಡೂ ಮಕ್ಕಳು ಒಂದೇ ಶಾಲೆಯ ಒಂದೇ ತರಗತಿಗೆ ಹೋಗುತ್ತವೆ.

ವಿನಾಯಿತಿಗಳೂ ಇದ್ದವು. ಅವಳಿ ಮಕ್ಕಳಿಗೆ, ದತ್ತು ಬಂದವರಿಗೆ, ಅಜ್ಜಿ-ತಾತ ಅಥವಾ ಬಂಧುಗಳು ಸಾಕುತ್ತಿರುವ ಮಕ್ಕಳಿಗೆ. ಇನ್ನೊಂದು ವಿನಾಯಿತಿಯ ಬಗ್ಗೆ ಬರೆಯಲು ಕೈ ತಡೆಯುತ್ತದೆ, ಆದರೆ ಬಿಡುವಂತಿಲ್ಲ. ಅತ್ಯಾಚಾರದಿಂದ ಹುಟ್ಟಿದ ಮಗುವಿಗೆ ನೆರವು ಸಿಗುತ್ತಿತ್ತು. ಅದನ್ನು ಪಡೆಯಲು ತಾಯಿ ಫಾರ್ಮ್ ಕೊಡಬೇಕಿತ್ತು. ವೈದ್ಯರೋ ನರ್ಸೋ ಸಮಾಜ ಕಾರ್ಯಕರ್ತರೋ ಅವಳ ಮಾತಿಗೆ ಸಹಿ ಹಾಕಬೇಕಿತ್ತು. ಆ ಗಂಡಸಿನ ಜೊತೆ ಅವಳು ಆಗ ವಾಸವಾಗಿರಬಾರದಿತ್ತು. ಹೊಡೆಯುವ ಗಂಡನ ಮನೆಯಿಂದ ಹೊರಬರಲಾಗದ ಹೆಣ್ಣಿಗೆ ಹಾಗಾದರೆ ವಿನಾಯಿತಿ ಇರಲಿಲ್ಲ. ಎಷ್ಟು ದಯೆಯಿಂದ ಫಾರ್ಮ್ ರೂಪಿಸಿದರೂ, ಮಗುವಿನ ಹಾಲಿಗಾಗಿ ತಾಯಿ ತನ್ನ ಜೀವನದ ಅತಿ ದೊಡ್ಡ ನೋವನ್ನು ಕಚೇರಿಯ ಮುಂದೆ ಇಡಬೇಕಾಗಿ ಬಂತು.

ಮೊಕದ್ದಮೆಗಳಾದವು. 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮ ಕಾನೂನಿಗೆ ವಿರುದ್ಧವಲ್ಲ, ಇಂಥದ್ದನ್ನು ತೀರ್ಮಾನಿಸಬೇಕಾದ್ದು ಸಂಸತ್ತು ಎಂದಿತು. ಜನ ಕಡಿಮೆ ಮಕ್ಕಳು ಹೆತ್ತರೇ? ಸಂಶೋಧಕರು ಜನನ ಅಂಕಿಅಂಶ ತೆಗೆದು ನೋಡಿದಾಗ ಸಿಕ್ಕ ಬದಲಾವಣೆ ತೀರಾ ಸಣ್ಣದು. ಕೆಲಸಕ್ಕೆ ಹೋಗಲಿ ಎನ್ನುವ ಉದ್ದೇಶವೋ ಎಂದರೆ, 2024ರಲ್ಲಿ ಈ ನಿಯಮಕ್ಕೆ ಸಿಕ್ಕಿಬಿದ್ದ ಕುಟುಂಬಗಳಲ್ಲಿ ನೂರಕ್ಕೆ 59ರಲ್ಲಿ ಯಾರಾದರೊಬ್ಬರು ಆಗಲೇ ದುಡಿಯುತ್ತಿದ್ದರು. ಆ ವರ್ಷ ಸುಮಾರು 16 ಲಕ್ಷ ಮಕ್ಕಳು ಇದರ ಹೊಡೆತಕ್ಕೆ ಸಿಕ್ಕ ಮನೆಗಳಲ್ಲಿದ್ದರು. ದೇಶದಲ್ಲಿ ಬಡತನದ ಗೆರೆಗಿಂತ ಕೆಳಗಿದ್ದ ಮಕ್ಕಳು 45 ಲಕ್ಷ, ಅಂದರೆ ನೂರಕ್ಕೆ 31. ಟ್ರಸಲ್ ಎಂಬ ಸಂಸ್ಥೆಯ ಫುಡ್ ಬ್ಯಾಂಕುಗಳು 2010-11ರಲ್ಲಿ ಕೊಟ್ಟ ಆಹಾರದ ಪೊಟ್ಟಣಗಳು ಸುಮಾರು 61,000. 2023-24ರಲ್ಲಿ 31 ಲಕ್ಷ. ಇಷ್ಟಕ್ಕೂ ಎರಡು ಮಕ್ಕಳ ಮಿತಿಯೊಂದೇ ಕಾರಣವಲ್ಲ. ಬಾಡಿಗೆ, ಕರೆಂಟು, ಗ್ಯಾಸು ಎಲ್ಲವೂ ಏರಿದವು. ಅರ್ಜಿ ಹಾಕಿ ಐದು ವಾರ ಕಾಯಬೇಕಾದ ಯೂನಿವರ್ಸಲ್ ಕ್ರೆಡಿಟ್‌ನ ಪಾಲೂ ಇದೆ. ಆದರೆ ಬಡತನ ತಗ್ಗಿಸಲು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಈ ಮಿತಿ ತೆಗೆಯುವುದು ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಹೇಳುತ್ತಲೇ ಬಂದರು.

ಸ್ಕಾಟ್ಲೆಂಡ್ ಸುಮ್ನೆ ಕಾಯಲಿಲ್ಲ. ಮಿತಿ ತೆಗೆಯುವ ಅಧಿಕಾರ ಅದಕ್ಕಿಲ್ಲ. ಅದರ ಬದಲು 2021ರ ಫೆಬ್ರವರಿಯಿಂದ ಬಡ ಕುಟುಂಬದ ಚಿಕ್ಕ ಮಕ್ಕಳಿಗೆ ವಾರಕ್ಕೆ 10 ಪೌಂಡ್ ಕೊಡಲು ಶುರು ಮಾಡಿತು. 2022ರ ನವೆಂಬರ್ ಹೊತ್ತಿಗೆ ಅದು 25 ಪೌಂಡ್ ಆಗಿ, 16 ವರ್ಷದೊಳಗಿನ ಎಲ್ಲ ಬಡ ಮಕ್ಕಳಿಗೂ ವಿಸ್ತರಿಸಿತು. ಮೂರನೆಯದು ನಾಲ್ಕನೆಯದು ಎಂಬ ಭೇದ ಇಲ್ಲ. ಒಂದೇ ದೇಶದ ಎರಡು ಭಾಗದಲ್ಲಿ ಎರಡು ರೀತಿ.

ಅಲ್ಲಿರುವ ನಮ್ಮವರ ವಿಷಯ ಬೇರೆಯೇ. ಐಟಿ ಕೆಲಸಕ್ಕೋ ಆಸ್ಪತ್ರೆ ಕೆಲಸಕ್ಕೋ ವೀಸಾ ಮೇಲೆ ಹೋದ ಕನ್ನಡಿಗರಿಗೆ ಸಾಮಾನ್ಯವಾಗಿ 'ನೋ ಪಬ್ಲಿಕ್ ಫಂಡ್ಸ್' ಷರತ್ತು ಇರುತ್ತದೆ. ತೆರಿಗೆ ಪೂರ್ತಿ ಕಟ್ಟಬೇಕು, ಆದರೆ ಕಾಯಂ ನೆಲೆಯ ಅನುಮತಿ ಸಿಗುವವರೆಗೆ ಚೈಲ್ಡ್ ಬೆನಿಫಿಟ್ಟೂ ಇಲ್ಲ, ಯೂನಿವರ್ಸಲ್ ಕ್ರೆಡಿಟ್ಟೂ ಇಲ್ಲ. ಮೊದಲ ಮಗುವಿಗೂ ಇಲ್ಲ. ವಲಸೆ ಬಂದವರು ನೆರವಿಗಾಗಿ ಮಕ್ಕಳು ಹೆರುತ್ತಾರೆ ಎಂಬ ಮಾತು ಅಲ್ಲಿನ ಚರ್ಚೆಯಲ್ಲಿ ಕೇಳಿದಾಗ ಈ ಷರತ್ತನ್ನು ನೆನಪಿಡಬೇಕು.

2024ರಲ್ಲಿ ಸರ್ಕಾರ ಬದಲಾಯಿತು. ಮಿತಿ ತಕ್ಷಣ ಹೋಗಲಿಲ್ಲ, ಬೊಕ್ಕಸದಲ್ಲಿ ಹಣವಿಲ್ಲ ಎಂದರು. ಜುಲೈನಲ್ಲಿ ಇದನ್ನು ತೆಗೆಯಬೇಕೆಂದು ಮತ ಹಾಕಿದ ಆಡಳಿತ ಪಕ್ಷದ ಏಳು ಸಂಸದರನ್ನು ಪಕ್ಷದ ಸಂಸದೀಯ ಗುಂಪಿನಿಂದ ಆರು ತಿಂಗಳು ಅಮಾನತು ಮಾಡಿದರು. ಒಂದೂಕಾಲು ವರ್ಷದ ನಂತರ ಅದೇ ಸರ್ಕಾರ ಅದನ್ನೇ ಬಜೆಟ್‌ನಲ್ಲಿ ಘೋಷಿಸಿತು. 2029-30ರ ಹೊತ್ತಿಗೆ ಖರ್ಚು ವರ್ಷಕ್ಕೆ ಸುಮಾರು 3 ಶತಕೋಟಿ ಪೌಂಡ್, ಬಡತನದಿಂದ ಮೇಲೇಳುವ ಮಕ್ಕಳು ನಾಲ್ಕೂವರೆ ಲಕ್ಷ ಎಂಬ ಅಂದಾಜು. ಅದು ಬಂದದ್ದು ನಿಜಕ್ಕೂ ಸಂತೋಷ. ನಡುವೆ ಹೋದ ವರ್ಷಗಳ ಹಣ ಯಾರಿಗೂ ವಾಪಸ್ ಬರುವುದಿಲ್ಲ. ಮಿತಿ ಹೋಗುವ ಹೊತ್ತಿಗೆ, ಏಪ್ರಿಲ್ 6ರಂದು ಹುಟ್ಟಿದ ಮಗುವಿಗೆ ಒಂಬತ್ತು ವರ್ಷ.

ಇನ್ನು ಉಳಿದಿರುವುದು ಬೆನಿಫಿಟ್ ಕ್ಯಾಪ್. ಅದನ್ನು ಬಜೆಟ್ ಮುಟ್ಟಲಿಲ್ಲ. 2023ರ ಏಪ್ರಿಲ್‌ನಲ್ಲಿ ಲಂಡನ್‌ಗೆ 25,323, ಹೊರಗೆ 22,020 ಪೌಂಡ್ ಎಂದು ನಿಗದಿಯಾದದ್ದು ಆಮೇಲೆ ಏರಿಲ್ಲ. ಬಾಡಿಗೆ ಮಾತ್ರ ಏರುತ್ತಲೇ ಇದೆ. ಮೂರು ನಾಲ್ಕು ಮಕ್ಕಳಿದ್ದು, ಕೆಲಸ ಹುಡುಕುತ್ತಿರುವ ಒಂಟಿ ತಾಯಿಗೆ ಒಂದು ಕೈಯಲ್ಲಿ ಮೂರನೇ ಮಗುವಿನ ಹಣ ಬಂದರೂ ಇನ್ನೊಂದು ಕೈಯಿಂದ ಕ್ಯಾಪ್ ಅದನ್ನು ಕಿತ್ತುಕೊಳ್ಳಬಹುದು. ಈ ಮಿತಿಯನ್ನು ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು ಎಂದು ಕಾನೂನಿದೆ. ಹಿಂದಿನ ಪರಿಶೀಲನೆ ನಡೆದದ್ದು 2022ರ ನವೆಂಬರ್‌ನಲ್ಲಿ. ಮುಂದಿನದು 2027ರ ನವೆಂಬರ್ ಒಳಗೆ ಆಗಲೇಬೇಕು.