ಗಿವ್ ಅಂದ್ರೆ ಕೊಡು, ಗಿವ್ ಅಪ್ ಅಂದ್ರೆ ಬಿಡು: ಇದೆಂಥಾ ಲೆಕ್ಕ ರೀ?

ಯಾದಗಿರಿಯಿಂದ ಒಬ್ಬರು ಕೇಳಿದ್ದಾರೆ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವವರು: "ಸರ್, ಗಿವ್ ಅಂದ್ರ ಕೊಡು, ಅಪ್ ಅಂದ್ರ ಮ್ಯಾಲೆ. ಎರಡೂ ಕೂಡಿದ್ರ ಬಿಟ್ಟುಬಿಡು ಅಂತ ಹ್ಯಾಂಗ ಆಯ್ತು? ಗೈಡಿನಾಗ 500 ಫ್ರೇಸಲ್ ವರ್ಬ್ ಅವ. ಎಲ್ಲಾ ಬಾಯಿಪಾಠ ಮಾಡಬೇಕೇನ್ರಿ?"

ಬೇಡ. ಫ್ರೇಸಲ್ ವರ್ಬ್ ಅಂದರೆ ಗಿವ್ ಅಪ್ ಥರ, ಕ್ರಿಯಾಪದಕ್ಕೆ ಅಪ್, ಆಫ್, ಔಟ್‌ನಂಥ ಪುಟ್ಟ ಪದ ಸೇರಿ ಬೇರೆಯದೇ ಅರ್ಥ ಕೊಡುವ ಮಾತು. ಇಂಥ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ಗೋಡೆಯಲ್ಲೇ ಉಳಿಯುತ್ತದೆ.

ಮೊದಲು ನಮ್ಮ ಮನೆ ಮಾತನ್ನೇ ನೋಡಿ. ಅವ್ವ ತಟ್ಟೆಗೆ ಇನ್ನೊಂದು ಜೋಳದ ರೊಟ್ಟಿ ಹಾಕಿ "ತಿಂದುಬಿಡು" ಅಂತಾಳೆ. ಬಿಡು ಅಂದಳಲ್ಲ ಅಂತ ರೊಟ್ಟಿ ಬಿಟ್ಟು ಏಳ್ತೀರಾ? ಅಲ್ಲಿ ಬಿಡು ಅಂದರೆ ಒಂದು ಚೂರೂ ಬಿಡಬೇಡ, ಮುಗಿಸು ಅಂತ. ಇಂಗ್ಲಿಷಿನ ಅಪ್ ಕೂಡ ಎಷ್ಟೋ ಕಡೆ ಇದೇ ಕೆಲಸ ಮಾಡುತ್ತದೆ. ಈಟ್ ಅಂದರೆ ತಿನ್ನು, ಈಟ್ ಅಪ್ ಅಂದರೆ ತಿಂದು ಮುಗಿಸು. ಯೂಸ್ ಅಪ್ ಅಂದರೆ ಖಾಲಿಯಾಗುವ ತನಕ ಬಳಸು. ಗಿವ್ ಅಪ್‌ಗೆ ಶರಣಾಗು ಅನ್ನುವ ಅರ್ಥವೂ ಇದೆ, ಅಂದರೆ ಕೈಲಿದ್ದದ್ದನ್ನೆಲ್ಲ ಒಪ್ಪಿಸಿಬಿಡು ಅಂತ, ಅಷ್ಟು ಕೊಟ್ಟ ಮೇಲೆ ಬಿಟ್ಟ ಹಾಗೇ ಅಲ್ವಾ? ಸಿಗರೇಟು ಬಿಡುವುದೂ ಗಿವ್ ಅಪ್, ಅರ್ಧಕ್ಕೆ ಓದು ಕೈಬಿಡುವುದೂ ಗಿವ್ ಅಪ್.

ಹಾಗಂತ ಎಲ್ಲದಕ್ಕೂ ಹೀಗೆ ಲೆಕ್ಕ ಕೂಡಿಬರುವುದಿಲ್ಲ. ಗೆಳೆಯ ಕೈಕೊಟ್ಟ ಅಂದಾಗ ಎಡಗೈನಾ ಬಲಗೈನಾ ಅಂತ ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಲೆಟ್ ಡೌನ್. ಇಂಥವನ್ನು ಬಿಡಿಸಿ ನೋಡಲು ಹೋಗಬೇಡಿ. ಇಡಿಯಾಗಿ ಒಂದೇ ಮಾತು ಅಂದುಕೊಂಡು, ನಿಮಗೇ ಆದ ಯಾವುದಾದರೂ ಫಜೀತಿಗೆ ಅದನ್ನು ಕಟ್ಟಿಹಾಕಿ.

ನನ್ನದು ಹೇಳ್ತೀನಿ. ಮೇ ತಿಂಗಳು, ಕಲಬುರಗಿಯಿಂದ ಬೀದರಿಗೆ ಹೊರಟಿದ್ದೆ, ಕಮಲಾಪುರ ದಾಟಿದ ಮೇಲೆ ಬಸ್ ಕೆಟ್ಟು ನಿಂತಿತು. ದ ಬಸ್ ಬ್ರೋಕ್ ಡೌನ್. ಅರ್ಧ ತಾಸಿನಲ್ಲಿ ಎಲ್ಲರ ಬಾಟಲಿಯ ನೀರೂ ಖಾಲಿ: ವಿ ರ‍್ಯಾನ್ ಔಟ್ ಆಫ್ ವಾಟರ್. ಬಿಸಿಲು ತಡೆದುಕೊಂಡು ಜಾಲಿಗಿಡದ ನೆರಳಲ್ಲಿ ಕೂತೆವು: ವಿ ಪುಟ್ ಅಪ್ ವಿತ್ ದ ಹೀಟ್. ಕೊನೆಗೆ ಇನ್ನೊಂದು ಬಸ್ ಬಂತು: ಅನದರ್ ಬಸ್ ಟರ್ನ್ಡ್ ಅಪ್. ಸುಮ್ನೆ ಕೂತು ಏನು ಮಾಡೋದು ಅಂತ ಅಲ್ಲೇ ಮನಸ್ಸಿನಲ್ಲಿ ಹೇಳಿಕೊಂಡಿದ್ದು ಇವು, ಇವತ್ತಿಗೂ ಮರೆತಿಲ್ಲ. ಕೆಟ್ಟು ನಿಂತಿತು ಅನ್ನುವುದೂ ಎರಡು ಕ್ರಿಯಾಪದ ಸೇರಿ ಆದದ್ದೇ, ಗಮನಿಸಿ.

ಪರೀಕ್ಷೆಗೆ ಓದುವವರಿಗೆ ಎರಡು ಮಾತು ಬೇಕೇ ಬೇಕು: ಪುಟ್ ಆಫ್ ಮತ್ತು ಕಾಲ್ ಆಫ್. ಪರೀಕ್ಷೆ ಪುಟ್ ಆಫ್ ಆದರೆ ಮುಂದಕ್ಕೆ ಹೋಗಿದೆ, ಓದುತ್ತಾ ಇರಿ. ಕಾಲ್ ಆಫ್ ಆದರೆ ರದ್ದು.

ಇನ್ನು ವ್ಯಾಕರಣ, ಪ್ರಶ್ನೆಪತ್ರಿಕೆಯಲ್ಲಿ ಎಡವುವುದು ಜಾಸ್ತಿ ಇಲ್ಲೇ. ಟರ್ನ್ ಆಫ್ ದ ಫ್ಯಾನ್ ಅನ್ನಬಹುದು, ಟರ್ನ್ ದ ಫ್ಯಾನ್ ಆಫ್ ಅಂತಲೂ ಅನ್ನಬಹುದು. ಆದರೆ ಫ್ಯಾನ್ ಬದಲು ಇಟ್ ಬಂದರೆ ಅದು ನಡುವೆಯೇ ಕೂರಬೇಕು: ಟರ್ನ್ ಇಟ್ ಆಫ್. ಟರ್ನ್ ಆಫ್ ಇಟ್ ತಪ್ಪು. ಎಲ್ಲವೂ ಹೀಗೆ ನಡುವೆ ಜಾಗ ಬಿಡುವುದಿಲ್ಲ. ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳು, ಅದರಲ್ಲಿ ಹಿಮ್ ಕೊನೆಗೇ ಬರಬೇಕು: ಲುಕ್ ಆಫ್ಟರ್ ಹಿಮ್.

ನಾವೇ ಕಟ್ಟಿಕೊಂಡವೂ ಕೆಲವು ಇವೆ. ಕೋಪ್ ಅಪ್ ವಿತ್ ಅಂತ ಬರೆಯಬೇಡಿ, ನಿಭಾಯಿಸು ಅನ್ನುವುದಕ್ಕೆ ಕೋಪ್ ವಿತ್ ಸಾಕು. ಡಿಗ್ರಿ ಮುಗಿಸಿದ್ದಕ್ಕೆ ನಾವು ಪಾಸ್ ಔಟ್ ಅಂತೇವೆ, ನಮ್ಮ ದೇಶದಲ್ಲಿ ಅದು ನಡೆಯುತ್ತದೆ. ಆದರೆ ಇಂಗ್ಲೆಂಡ್, ಅಮೆರಿಕದವರ ಕಿವಿಗೆ ಪಾಸ್ ಔಟ್ ಅಂದರೆ ಮೊದಲು ಕೇಳಿಸುವುದು ಎಚ್ಚರ ತಪ್ಪಿ ಬಿದ್ದೆ ಅಂತ. ನಾನೂ ಒಮ್ಮೆ ಫೋನಿನಲ್ಲಿ ಆ ಕಡೆಯವರೊಬ್ಬರಿಗೆ ಬಹಳ ಠೀವಿಯಿಂದ "ಐ ಪಾಸ್ಡ್ ಔಟ್ ಇನ್ 2012" ಅಂದಿದ್ದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದರು, ಈಗ ಆರಾಮಿದ್ದೀರಾ ಅಂತ.