ಏರಿಳಿತದ ಹಾಫ್ ಮ್ಯಾರಥಾನ್‌ನಲ್ಲಿ ಪಿಬಿ ಮಾಡೋಕಾಗುತ್ತಾ?

ಓದುಗರ ಪ್ರಶ್ನೆ: ಸಪಾಟು ದಾರಿಯಲ್ಲಿ ನನ್ನ ಹಾಫ್ ಮ್ಯಾರಥಾನ್ (21.1 ಕಿ.ಮೀ.) ಪಿಬಿ, ಅಂದರೆ ಈವರೆಗಿನ ನನ್ನ ಅತ್ಯುತ್ತಮ ಸಮಯ, 2 ಗಂಟೆ 1 ನಿಮಿಷ. ಈಗ ಹೆಸರು ಕೊಟ್ಟಿರುವ ಓಟದಲ್ಲಿ ಒಟ್ಟು 200 ಮೀಟರ್ ಏರು ಇದೆ. ಹೊರಟ ಜಾಗಕ್ಕೇ ಬಂದು ಮುಗಿಸಬೇಕು. ಇಂಥ ದಾರಿಯಲ್ಲಿ 2 ಗಂಟೆಯೊಳಗೆ ಓಡಬಹುದಾ? ಅಥವಾ ಪಿಬಿ ಆಸೆ ಬಿಟ್ಟು ಸುಮ್ನೆ ಓಡಿ ಬರೋದೇ ಒಳ್ಳೇದಾ?

ಓಡಬಹುದು. ಆದರೆ ಇವತ್ತು ಸಪಾಟು ದಾರಿ ಸಿಕ್ಕಿದ್ದರೆ 1 ಗಂಟೆ 57 ನಿಮಿಷಕ್ಕೆ ಮುಗಿಸುವಷ್ಟು ಕಸುವು ನಿಮ್ಮಲ್ಲಿರಬೇಕು. ಹಳೆಯ ಪಿಬಿ ಎಷ್ಟು ಅನ್ನೋದಕ್ಕಿಂತ ಇದು ಮುಖ್ಯ. ಪಿಬಿ ಓಡಿ ಒಂದು ವರ್ಷ ಆಗಿದ್ದು, ಆಮೇಲೆ ನೀವು ಚೆನ್ನಾಗಿ ತಯಾರಾಗಿದ್ದರೆ ದಾರಿಯಲ್ಲಿ ದಿಬ್ಬ ಇದ್ದರೂ ಆ ಸಮಯ ಮುರಿಯುತ್ತದೆ. ಹೋದ ತಿಂಗಳಷ್ಟೇ ಪೂರ್ತಿ ಜೀವ ಹಿಂಡಿ ಓಡಿದ ಸಮಯ ಅದಾಗಿದ್ದರೆ ಕಷ್ಟ. ಪರೀಕ್ಷೆ ಮಾಡೋಕೆ ಸುಲಭದ ದಾರಿ ಒಂದು 10 ಕಿ.ಮೀ. ಓಟ. ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯ ಅಂದಾಜು ಮಾಡೋಕೆ ಓಟಗಾರರು ಬಹಳ ಕಾಲದಿಂದ ಬಳಸುವ ರೀಗಲ್ ಸೂತ್ರದ ಪ್ರಕಾರ 1:57ರ ಹಾಫ್ ಅಂದರೆ ಹೆಚ್ಚುಕಡಿಮೆ 53 ನಿಮಿಷದ 10 ಕಿ.ಮೀ. ಅದು ನಿಮ್ಮಿಂದ ಆಗುತ್ತಿದ್ದರೆ ಮುಂದೆ ಓದಿ. 56 ನಿಮಿಷ ಆಗುತ್ತಿದ್ದರೂ ಓದಿ, ಆದರೆ ಈ ಸಲದ ಗುರಿ ಬೇರೆ ಇಟ್ಟುಕೊಳ್ಳಿ.

1:57ಕ್ಕೂ 2 ಗಂಟೆಗೂ ನಡುವಿನ ಮೂರು ನಿಮಿಷದ ಅಂತರ ನಾನು ಅಂದಾಜಿಗೆ ಹೇಳಿದ್ದಲ್ಲ. ಏರಿನಲ್ಲಿ ಕಳೆದುಕೊಂಡದ್ದು ಇಳಿಜಾರಿನಲ್ಲಿ ವಾಪಸ್ ಬರುತ್ತೆ ಅಂತ ಬಹಳ ಜನ ನಂಬಿರುತ್ತಾರೆ. ಬರುತ್ತೆ, ಆದರೆ ಪೂರ್ತಿ ಬರಲ್ಲ. 2002ರಲ್ಲಿ ಸಂಶೋಧಕ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟದಲ್ಲಿ ಪಳಗಿದವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಏರು ಮತ್ತು ಇಳಿಜಾರು ಬದಲಾದ ಹಾಗೆ ಒಂದೊಂದು ಮೀಟರಿಗೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಅಳೆದು ಒಂದು ಸೂತ್ರ ಕೊಟ್ಟರು. ಶೇಕಡಾ 4ರ ಏರು ತಗೊಳ್ಳಿ, ಅಂದರೆ 100 ಮೀಟರ್ ಮುಂದೆ ಹೋದಾಗ 4 ಮೀಟರ್ ಮೇಲೆ ಹೋಗುವ ದಾರಿ. ಅಲ್ಲಿ ಖರ್ಚು ಸಪಾಟಿಗಿಂತ ಸುಮಾರು ಶೇಕಡಾ 24 ಜಾಸ್ತಿ. ಅಷ್ಟೇ ಇಳಿಜಾರಿನಲ್ಲಿ ಉಳಿತಾಯ ಆಗೋದು ಶೇಕಡಾ 20ಕ್ಕೂ ತುಸು ಕಡಿಮೆ.

ಇದನ್ನು ನಿಮ್ಮ ಓಟಕ್ಕೆ ಹಾಕಿ ನೋಡೋಣ. 200 ಮೀಟರ್ ಏರು ಪೂರ್ತಿ ಶೇಕಡಾ 4ರಲ್ಲೇ ಇದೆ ಅಂದುಕೊಂಡರೆ 5 ಕಿ.ಮೀ. ಏರು, 5 ಕಿ.ಮೀ. ಇಳಿಜಾರು, ಉಳಿದ 11 ಚಿಲ್ಲರೆ ಕಿ.ಮೀ. ಸಪಾಟು. 1:57ರ ಓಟಗಾರರ ಸಪಾಟು ಪೇಸ್, ಅಂದರೆ ಒಂದು ಕಿ.ಮೀ.ಗೆ ಹಿಡಿಯುವ ಸಮಯ, 5 ನಿಮಿಷ 33 ಸೆಕೆಂಡು (5:33). ಅದೇ ಶ್ರಮದಲ್ಲಿ ಏರು ಹತ್ತಿದರೆ 6:52 ಬೀಳುತ್ತದೆ. ಇಳಿದರೆ 4:28. ಎರಡೂ ಸೇರಿ 11:20. ಸಪಾಟಿನಲ್ಲಿ ಎರಡು ಕಿ.ಮೀ.ಗೆ 11:06 ಸಾಕಿತ್ತು. ಒಂದು ಜೋಡಿಗೆ ನಷ್ಟ 14 ಸೆಕೆಂಡು, ಐದು ಜೋಡಿಗೆ 1 ನಿಮಿಷ 10 ಸೆಕೆಂಡು.

ಅಷ್ಟೇನಾ ಅಂತ ಅನ್ನಿಸುತ್ತೆ ಅಲ್ವಾ? ಕಾಗದದ ಮೇಲೆ ಅಷ್ಟೇ. ಆದರೆ 5:33ರ ಪೇಸ್‌ನವರು ಇಳಿಜಾರಿನಲ್ಲಿ 4:28ಕ್ಕೆ ಓಡೋದು ನೋಡಿದ್ದೀರಾ? ಉಸಿರಿಗೆ ಅದು ಕಷ್ಟವಲ್ಲ. ಕಾಲು ಅಷ್ಟು ಬೇಗ ಆಡಲ್ಲ, ಮನಸ್ಸಿಗೆ ಭಯ, ತೊಡೆ ತಡೆಯಲ್ಲ. ಹಾಗಾಗಿ ಎಲ್ಲರೂ ಬ್ರೇಕ್ ಹಾಕುತ್ತಲೇ ಇಳಿಯುತ್ತಾರೆ. ನೀವು ಇಳಿಜಾರಿನಲ್ಲಿ 4:45ಕ್ಕೆ ಓಡಿದರೆ ಒಟ್ಟು ಸಮಯ 1:59:40ರ ಹತ್ತಿರ ಬರುತ್ತದೆ. 4:55ಕ್ಕೆ ಓಡಿದರೆ 2:00:30. ಏರು ಒಂದೇ, ಫಿಟ್‌ನೆಸ್ ಒಂದೇ, ಸಪಾಟಿನ ಪೇಸ್ ಒಂದೇ. ಇಳಿಯುವಾಗ ಕಿ.ಮೀ.ಗೆ 10 ಸೆಕೆಂಡು ಬಿಟ್ಟಿದ್ದಕ್ಕೆ 2 ಗಂಟೆಯೊಳಗಿನ ಓಟ ಕೈತಪ್ಪಿತು. ಏರು ಹತ್ತೋದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಇಳಿಯೋದನ್ನು ಯಾರೂ ಮಾಡಲ್ಲ. ನಿಮ್ಮ ಪಿಬಿ ಇರೋದು ಅಲ್ಲಿ.

ಇನ್ನೊಂದು ವಿಷಯ. ‘ಒಟ್ಟು 200 ಮೀಟರ್ ಏರು’ ಅನ್ನೋ ಒಂದೇ ಸಂಖ್ಯೆ ನೋಡಿ ಏನೂ ತೀರ್ಮಾನ ಮಾಡಬೇಡಿ. ಅದೇ 200 ಮೀಟರ್ ಶೇಕಡಾ 10ರ ಕಡಿದಾದ ಎರಡು ಕಿ.ಮೀ.ನಲ್ಲಿ ಬಂದರೆ ಅದೇ ಸೂತ್ರ ಹೇಳುವ ನಷ್ಟ 1:10 ಅಲ್ಲ, 2:50ರ ಹತ್ತಿರ. ಅಂಥ ಇಳಿಜಾರಿನಲ್ಲಿ ಬ್ರೇಕ್ ಹಾಕದೆ ಇಳಿಯೋದಂತೂ ದೂರದ ಮಾತು. ಹಾಗಾಗಿ ಓಟದ ದಾರಿಯ ಎತ್ತರದ ನಕ್ಷೆ ಸಿಕ್ಕರೆ ಮೂರು ನೋಡಿ: ಎಷ್ಟು ಕಡಿದು, ಎಷ್ಟು ಉದ್ದ, ಎಷ್ಟನೇ ಕಿ.ಮೀ.ನಲ್ಲಿ. ಕೊನೆಯ 5 ಕಿ.ಮೀ. ಇಳಿಜಾರಾಗಿದ್ದರೆ ನಿಮ್ಮ ಪುಣ್ಯ. ದೊಡ್ಡ ಏರು 17ನೇ ಕಿ.ಮೀ.ನಲ್ಲಿ ಕಾದು ಕೂತಿದ್ದರೆ ಮೇಲಿನ ಲೆಕ್ಕಕ್ಕೆ ಇನ್ನೊಂದು ನಿಮಿಷ ಸೇರಿಸಿ. ಬೇರೆಯವರ ವಾಚ್ ತೋರಿಸಿದ ಒಟ್ಟು ಏರನ್ನು ಜಾಸ್ತಿ ನಂಬಬೇಡಿ. ಬರೀ ಜಿಪಿಎಸ್‌ನಿಂದ ಎತ್ತರ ಲೆಕ್ಕ ಹಾಕುವ ವಾಚ್ ಒಂದು ಹೇಳಿದರೆ, ಗಾಳಿಯ ಒತ್ತಡ ಅಳೆಯುವ ವಾಚ್ ಇನ್ನೊಂದು ಹೇಳುತ್ತದೆ. ಒಂದೇ ದಾರಿ, ಒಂದೇ ದಿನ, ಆದರೂ.

ಹೊರಟ ಜಾಗಕ್ಕೇ ವಾಪಸ್ ಬರುವ ಓಟ ಅಂದಿದ್ದೀರಿ. ಒಳ್ಳೇದು, ಹತ್ತಿದ್ದೆಲ್ಲ ಇಳಿಯಲೇಬೇಕು. ಒಂದೂರಲ್ಲಿ ಶುರುವಾಗಿ ತಗ್ಗಿನ ಇನ್ನೊಂದೂರಲ್ಲಿ ಮುಗಿಯುವ ಓಟಗಳಲ್ಲಿ ಬರುವ ಪಿಬಿಯ ಬಗ್ಗೆ ಓಟಗಾರರಲ್ಲಿ ಯಾವಾಗಲೂ ಜಗಳ. ವಿಶ್ವದಾಖಲೆಗೆ ನಿಯಮ ಇದೆ: ಓಟ ಮುಗಿಯುವ ಜಾಗ ಶುರುವಿನ ಜಾಗಕ್ಕಿಂತ, ದಾರಿಯ ಪ್ರತಿ ಕಿ.ಮೀ.ಗೆ 1 ಮೀಟರ್ ಲೆಕ್ಕಕ್ಕಿಂತ ಜಾಸ್ತಿ ತಗ್ಗಿನಲ್ಲಿರಬಾರದು. 2011ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಕೆನ್ಯಾದ ಜೆಫ್ರಿ ಮುಟಾಯ್ 2:03:02ಕ್ಕೆ ಓಡಿದರು. ಆ ಹೊತ್ತಿಗೆ ಅಷ್ಟು ಬೇಗ ಯಾರೂ ಮ್ಯಾರಥಾನ್ ಓಡಿರಲಿಲ್ಲ. ಆದರೂ ಅದು ವಿಶ್ವದಾಖಲೆ ಆಗಲಿಲ್ಲ, ಬೋಸ್ಟನ್ ದಾರಿ ಆ ನಿಯಮಕ್ಕೆ ಹೊಂದಲ್ಲ. ನಿಮ್ಮ ನನ್ನ ಪಿಬಿಗೆ ಇಂಥ ನಿಯಮ ಯಾರೂ ಹಾಕಿಲ್ಲ ಬಿಡಿ.

ಈಗ ಇಳಿಯೋದು ಹೇಗೆ ಅನ್ನೋದಕ್ಕೆ ಬರೋಣ. ಬಹಳ ಜನ ಇಳಿಜಾರು ಕಂಡ ಕೂಡಲೇ ಮೈ ಹಿಂದಕ್ಕೆ ವಾಲಿಸಿ, ಕಾಲು ಮುಂದಕ್ಕೆ ಚಾಚಿ, ಹಿಮ್ಮಡಿ ಊರಿ ಇಳಿಯುತ್ತಾರೆ. ಪ್ರತಿ ಹೆಜ್ಜೆಯೂ ಒಂದು ಬ್ರೇಕ್. ಪಕ್ಕದಲ್ಲಿ ಓಡುವವರ ಶೂ ಸದ್ದು ಕೇಳಿದರೇ ಗೊತ್ತಾಗುತ್ತೆ, ‘ಟಪ್ ಟಪ್’ ಅಂತ ಜೋರಾಗಿ ಬಡಿಯುತ್ತಿದ್ದರೆ ಅವರು ತಡೆದು ಇಳಿಯುತ್ತಿದ್ದಾರೆ ಅಂತ ಅರ್ಥ. ಸದ್ದು ಸಣ್ಣದಾಗಬೇಕು, ಬೇಗ ಬೇಗ ಬರಬೇಕು. ಅದಕ್ಕೆ ಹೆಜ್ಜೆ ಚಿಕ್ಕದು ಮಾಡಿ, ಪಾದ ಮೈಗೆ ಹತ್ತಿರ ಬೀಳಲಿ, ಮಂಡಿ ಸ್ವಲ್ಪ ಮಡಚಿರಲಿ. ಮೈ ರಸ್ತೆಗೆ ನೇರವಾಗಿರಲಿ, ಅಂದರೆ ಇಳಿಜಾರಿನ ಜೊತೆ ತುಸು ಮುಂದಕ್ಕೆ. ಕೈ ಅಗಲವಾಗಿ ಆಡಿದರೂ ಪರವಾಗಿಲ್ಲ, ತೂಕ ಹಿಡಿಯೋಕೆ ಅದು ಬೇಕು. ಕಣ್ಣು ಶೂ ಮೇಲೆ ಬೇಡ, ಹತ್ತು ಹದಿನೈದು ಮೀಟರ್ ಮುಂದೆ ಇರಲಿ. ರಸ್ತೆ ಒದ್ದೆಯಾಗಿದ್ದರೆ, ಅಥವಾ ಜಲ್ಲಿ ಇದ್ದರೆ, ಇದನ್ನೆಲ್ಲ ಮರೆತು ಹುಷಾರಾಗಿ ಇಳಿಯಿರಿ.

ತೊಡೆಯ ಮಾತು ಬೇರೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಬಿಗಿಯಾಗಿರುವಾಗಲೇ ಉದ್ದವಾಗುತ್ತಾ ಹೋಗುತ್ತದೆ. ಈ ಥರದ ಕೆಲಸ ಸ್ನಾಯುವಿನ ಎಳೆಗಳನ್ನು ಸಣ್ಣದಾಗಿ ಘಾಸಿ ಮಾಡುತ್ತದೆ. ಇಳಿಜಾರು ಓಡಿದ ಮರುದಿನಕ್ಕಿಂತ ಅದರ ಮಾರನೇ ದಿನ ಮೆಟ್ಟಿಲು ಇಳಿಯೋಕೆ ಪ್ರಾಣ ಹೋಗುತ್ತಲ್ಲ, ಅದಕ್ಕೆ ಇದೇ ಕಾರಣ. ಓಟದ ನಡುವೆಯೇ ಇದು ಶುರುವಾದರೆ ಕೊನೆಯ ಸಪಾಟು ಕಿ.ಮೀ.ಗಳಲ್ಲಿ ಉಸಿರು ಇದ್ದರೂ ಕಾಲು ಏಳಲ್ಲ. ಸಮಾಧಾನದ ಸಂಗತಿ ಅಂದರೆ ಸ್ನಾಯು ಬೇಗ ಕಲಿಯುತ್ತದೆ. ಒಂದು ಸಲ ಹೀಗೆ ನೋವು ತಿಂದ ತೊಡೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯಲ್ಲ.

ಹಾಗಾಗಿ ಓಟಕ್ಕೆ ಆರೇಳು ವಾರ ಇರುವಾಗ ವಾರಕ್ಕೊಮ್ಮೆ ಇಳಿಜಾರಿಗೆ ಹೋಗಿ. ಶೇಕಡಾ 3ರಿಂದ 5ರ ಮೆತ್ತನೆ ಇಳಿಜಾರು ಸಾಕು. ಮೊದಲ ವಾರ 100 ಮೀಟರಿನ ನಾಲ್ಕೈದು ಇಳಿತ, ವೇಗ ಬೇಡ, ಹೆಜ್ಜೆ ಸರಿ ಮಾಡಿಕೊಳ್ಳಿ ಅಷ್ಟೇ. ಆಮೇಲೆ 300–400 ಮೀಟರಿಗೆ ಏರಿಸಿ. ನಾಲ್ಕನೇ ವಾರದ ಹೊತ್ತಿಗೆ ಉದ್ದದ ಓಟವನ್ನೇ ಏರಿಳಿತದ ದಾರಿಯಲ್ಲಿ ಇಟ್ಟು, ಕೊನೆಯ ಇಳಿಜಾರುಗಳನ್ನು ಓಟದ ದಿನದ ವೇಗದಲ್ಲಿ ಇಳಿಯಿರಿ. ಕೊನೆಯ ಗಟ್ಟಿ ಇಳಿಜಾರು ಅಭ್ಯಾಸಕ್ಕೂ ಓಟಕ್ಕೂ ನಡುವೆ ಹತ್ತು ದಿನವಾದರೂ ಇರಲಿ. ಹಿಂದಿನ ವಾರ ಹುರುಪಿನಲ್ಲಿ ಬೆಟ್ಟಕ್ಕೆ ಹೋಗಿ ತೊಡೆ ಕೆಡಿಸಿಕೊಂಡು ಬರಬೇಡಿ. ಮಂಡಿ ನೋವಿನ ತೊಂದರೆ ಮೊದಲೇ ಇದ್ದರೆ ಈ ಅಭ್ಯಾಸಕ್ಕೆ ಇಳಿಯುವ ಮುಂಚೆ ಫಿಸಿಯೊ ಹತ್ತಿರ ಒಂದು ಮಾತು ಕೇಳಿ.

ಏರಿನ ಅಭ್ಯಾಸದ ಬಗ್ಗೆ ಎಲ್ಲರಿಗೂ ಗೊತ್ತಿದೆ, ಜಾಸ್ತಿ ಹೇಳಲ್ಲ. ಎರಡರಿಂದ ನಾಲ್ಕು ನಿಮಿಷದ ಏರು, ಐದಾರು ಸಲ, ವಾರಕ್ಕೊಮ್ಮೆ. ಹತ್ತಿರ ದಿಬ್ಬವೇ ಇಲ್ಲದವರು ಟ್ರೆಡ್‌ಮಿಲ್ ಎತ್ತರಿಸಿ ಓಡಬಹುದು. ಆದರೆ ಸಾಮಾನ್ಯ ಟ್ರೆಡ್‌ಮಿಲ್ ಇಳಿಜಾರು ಕಲಿಸಲ್ಲ. ಅಂಥವರಿಗೆ ಮೆಟ್ಟಿಲ ಅಂಚಿನಿಂದ ಒಂದು ಕಾಲಲ್ಲಿ ನಿಧಾನ ಕೆಳಗಿಳಿಯುವ ವ್ಯಾಯಾಮ, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ತಗ್ಗೋದು), ಮೀನಖಂಡಕ್ಕೆ ಹಿಮ್ಮಡಿ ಎತ್ತಿ ಇಳಿಸೋದು, ಇಷ್ಟಾದರೂ ಬೇಕು.

ಓಟದ ದಿನ ನಿಮ್ಮ ಮೊದಲ ಶತ್ರು ವಾಚ್. ಏರು ಹತ್ತುತ್ತಿದ್ದೀರಿ, ಮಣಿಕಟ್ಟು ನೋಡುತ್ತೀರಿ, 6:52 ಕಾಣುತ್ತದೆ. 2 ಗಂಟೆಗೆ ಸರಾಸರಿ 5:41 ಬೇಕು ಅಂತ ತಲೆಯಲ್ಲಿ ಕೂತಿದೆ. ಗಾಬರಿಯಾಗಿ ಹೆಜ್ಜೆ ಜೋರು ಮಾಡುತ್ತೀರಿ. ಶೇಕಡಾ 4ರ ಏರಿನಲ್ಲಿ ಸಪಾಟಿನ ಪೇಸ್ ಹಿಡಿದರೆ ನಿಮ್ಮ ಶ್ರಮ ಕಾಲು ಪಾಲು ಜಾಸ್ತಿ ಆಗುತ್ತದೆ. ಹಾಫ್ ಮ್ಯಾರಥಾನ್ ಓಡುವ ಶ್ರಮ ಮೊದಲೇ ಮಿತಿಯ ಹತ್ತಿರ ಇರುತ್ತದೆ. ಅದರ ಮೇಲೆ ಇಷ್ಟು ಹೇರಿದರೆ ಎರಡು ಮೂರು ನಿಮಿಷದಲ್ಲಿ ಏದುಸಿರು, ಮೇಲೆ ಹೋಗಿ ಸುಧಾರಿಸಿಕೊಳ್ಳೋಕೆ ಅಷ್ಟೇ ಹೊತ್ತು. ಇಳಿಜಾರು ಶುರುವಾಗೋದೂ ಅಲ್ಲೇ. ಅದರ ಲಾಭ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನೀವಿರಲ್ಲ.

ಎದೆಬಡಿತದ ಸಂಖ್ಯೆಯೂ ಇಲ್ಲಿ ಪೂರ್ತಿ ನೆರವಾಗಲ್ಲ, ಅದು ಶ್ರಮದ ಹಿಂದೆ ಅರ್ಧ ನಿಮಿಷವೋ ಒಂದು ನಿಮಿಷವೋ ತಡವಾಗಿ ಏರುತ್ತದೆ. ಚಿಕ್ಕ ಏರು ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಉಸಿರು ನಂಬಿ. ಸಪಾಟಿನಲ್ಲಿ ಮೂರು ನಾಲ್ಕು ಪದ ಆಡುವಂತಿದ್ದರೆ ಏರಿನಲ್ಲೂ ಎರಡು ಪದವಾದರೂ ಬರಬೇಕು. ಸ್ವಲ್ಪ ಜಾಸ್ತಿ ಶ್ರಮ ತಪ್ಪಲ್ಲ, ಬಾಯಿ ತೆರೆದು ಗಾಳಿ ನುಂಗುವ ಸ್ಥಿತಿ ಬೇಡ. ಸೊಂಟ ಬಗ್ಗಿಸಬೇಡಿ, ಕಣಕಾಲಿನಿಂದಲೇ ಇಡೀ ಮೈ ತುಸು ಮುಂದೆ ವಾಲಲಿ. ಹೆಜ್ಜೆ ಗಿಡ್ಡ, ಆದರೆ ಹೆಜ್ಜೆಯ ಲಯ ಸಪಾಟಿನದ್ದೇ. ನಾಲ್ಕು ಜನ ನಿಮ್ಮನ್ನು ದಾಟಿ ಹೋಗುತ್ತಾರೆ. ಹೋಗಲಿ.

ಏರಿನ ನೆತ್ತಿಯ ಕೊನೆಯ 20 ಮೀಟರ್, ಆಚೆಯ 50 ಮೀಟರ್, ಇದು ಬಹಳ ಜನ ಸಮಯ ಚೆಲ್ಲುವ ಜಾಗ. ಮೇಲೆ ತಲುಪಿದ ಕೂಡಲೇ ‘ಉಸ್ಸಪ್ಪಾ’ ಅಂತ ಮೈ ಸಡಿಲ ಬಿಡುತ್ತಾರೆ. ಕೆಲವರು ನಡೆಯುತ್ತಾರೆ. ಹಿಂದೆ ಹೇಳಿದ ಹಾಗೆ ಹತ್ತಿದ್ದರೆ ನಿಮಗೆ ಅದರ ಅಗತ್ಯ ಬೀಳಲ್ಲ. ನೆತ್ತಿ ದಾಟುವವರೆಗೂ ಅದೇ ಲಯ ಹಿಡಿದು, ದಾರಿ ಚಪ್ಪಟೆಯಾದ ಹಾಗೆ ಹೆಜ್ಜೆ ತಾನೇ ಉದ್ದವಾಗಲು ಬಿಡಿ. ಓಟದ ನಡುವೆ ಶಕ್ತಿಗೆ ಅಂತ ನುಂಗುವ ಜೆಲ್ ತಗೊಳ್ಳುವವರು ಏರು ಶುರುವಾಗುವ ಐದು ನಿಮಿಷ ಮುಂಚೆ ತಗೊಳ್ಳಿ. ಏದುಸಿರಿನಲ್ಲಿ ನುಂಗೋದೂ ಕಷ್ಟ, ಹೊಟ್ಟೆಯೂ ಒಪ್ಪಲ್ಲ.

ಕಿ.ಮೀ. ಲೆಕ್ಕದ ಪೇಸ್ ಬದಲು, ದಾರಿಯನ್ನು ನಾಲ್ಕೈದು ತುಂಡು ಮಾಡಿ ಪ್ರತಿ ತುಂಡಿನ ಕೊನೆಗೆ ಎಷ್ಟು ಸಮಯ ಆಗಿರಬೇಕು ಅಂತ ಮುಂಗೈ ಮೇಲೆ ಬರೆದುಕೊಳ್ಳಿ. ಏರು ಮತ್ತು ಅದರ ಇಳಿಜಾರು ಒಂದೇ ತುಂಡಿನಲ್ಲಿರಲಿ. ಆಗ 6:52 ಕಂಡರೂ ಗಾಬರಿ ಇರಲ್ಲ. ವಾಚ್ ಕೊನೆಗೆ 21.1ರ ಬದಲು 21.3 ತೋರಿಸಬಹುದು. ಅಧಿಕೃತವಾಗಿ ಅಳೆದ ದಾರಿಯನ್ನು ತಿರುವುಗಳ ಒಳ ಅಂಚಿನ ಅತಿ ಚಿಕ್ಕ ಗೆರೆಯಲ್ಲಿ ಅಳೆದಿರುತ್ತಾರೆ, ಮೇಲೆ ಸಾವಿರಕ್ಕೆ ಒಂದು ಪಾಲು ಸೇರಿಸಿರುತ್ತಾರೆ. ನೀವು ಹೊರಗಿಂದ ಸುತ್ತಿದರೆ ಅದು ನಿಮ್ಮ ಲೆಕ್ಕಕ್ಕೆ. ಜಾಸ್ತಿ ಓಡಿದ ಆ 200 ಮೀಟರ್ ಅಂದರೆ ನಿಮ್ಮ ಪೇಸ್‌ನಲ್ಲಿ ಒಂದು ನಿಮಿಷಕ್ಕೂ ಜಾಸ್ತಿ, ಹಾಗಾಗಿ ತಿರುವು ಒಳಗಿಂದ ಹಿಡಿಯಿರಿ.

15ನೇ ಕಿ.ಮೀ. ಹೊತ್ತಿಗೆ ಒಮ್ಮೆ ಬರೆದುಕೊಂಡ ಸಮಯ ನೋಡಿ. ಒಂದು ನಿಮಿಷದೊಳಗೆ ಹಿಂದಿದ್ದು ಮುಂದೆ ಇಳಿಜಾರು ಉಳಿದಿದ್ದರೆ ಗುರಿ ಬಿಡಬೇಡಿ. ಎರಡು ನಿಮಿಷಕ್ಕಿಂತ ಹಿಂದೆ ಬಿದ್ದಿದ್ದು ತೊಡೆ ನಡುಗುತ್ತಿದ್ದರೆ 2 ಗಂಟೆಯ ಆಸೆ ಈ ಸಲಕ್ಕೆ ಬಿಟ್ಟು, ಹಳೆಯ 2:01ರ ಮೇಲೆ ಕಣ್ಣಿಡಿ. ಅದೂ ಪಿಬಿಯೇ.